ಸಮುದ್ರ ಕಾಣದ ರೊಟ್ಟಿ

ರೊಟ್ಟಿ ಮುರಿಯಲೇ ಇಲ್ಲ.

ಪದ್ಮಜಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿದಳು. ಒದ್ದೆ ಟವೆಲ್ಲಿನ ಹಾಗೆ ಮೆತ್ತಗೆ ಮಡಿಸಿಕೊಂಡಿತು. ಜಗ್ಗಿ ನೋಡಿದಳು. ಒಂದು ಮೂಲೆ ಕಿತ್ತು ಬಂತೇ ಹೊರತು ಮುರಿದ ಸದ್ದಿಲ್ಲ. ಹೊರಡುವ ದಿನ ಅವ್ವ ಭಾಗೀರಥೀಬಾಯಿ ಕಟ್ಟಿಕೊಟ್ಟಾಗ ಇದೇ ಜೋಳದ ರೊಟ್ಟಿ ಹಪ್ಪಳದಷ್ಟು ಖಡಕ್ಕಾಗಿತ್ತು.

“ಏನ್ ಅಕ್ಕಾರ, ರೊಟ್ಟಿ ಜೋಡಿ ಕುಸ್ತಿ ಹಿಡದೀರಿ?” ಚಹಾದಂಗಡಿಯ ಸಿದ್ದವ್ವ ನಕ್ಕಳು. “ಕುಂದರ್ರಿ ಸ್ವಲ್ಪ, ಚಾ ಆರತೈತಿ.”

ಕೂಡ್ರುವುದು ಪದ್ಮಜಾಳ ಜಾತಕದಲ್ಲೇ ಇರಲಿಲ್ಲ. ಬೆಳಗಿನಿಂದ ಬುಲೆಟ್ ಓಡಿಸಿ ಸೊಂಟ ಬಿದ್ದುಹೋಗಿತ್ತು, ಆದರೂ ಅಮೀನಗಡದ ಆ ಅಂಗಡಿಯ ಎದುರು ನಿಂತೇ ಚಹಾ ಕುಡಿಯುತ್ತಿದ್ದಳು. ಪೊಲೀಸ್ ನೌಕರಿ ಬಿಟ್ಟು ಬಾಗಲಕೋಟೆಯ ನವನಗರದಲ್ಲಿ ಪತ್ತೇದಾರಿಕೆಯ ಬೋರ್ಡು ತೂಗುಹಾಕಿದವಳು ಅವಳು. ಬರುವ ಕೆಲಸವೆಲ್ಲ ಮದುವೆ ಗಂಡುಗಳ ಹಿನ್ನೆಲೆ ವಿಚಾರಿಸುವುದು. ಜಿಲ್ಲೆಯ ಗಂಡುಗಳ ಗುಟ್ಟೆಲ್ಲ ಗೊತ್ತಾದ ಮೇಲೆ ತಾನು ಮದುವೆಯಾಗುವ ಮಾತನ್ನೇ ಬಿಟ್ಟಿದ್ದಳು.

ಈ ಸಲದ ಕೆಲಸ ಬೇರೆ. ಇಳಕಲ್ಲಿನ ಪ್ರವೀಣಕುಮಾರ ತನ್ನ ಗೆಳೆಯ ಶಂಕರಲಿಂಗನ ಜೊತೆ ಬೈಕಿನಲ್ಲಿ ಘಟ್ಟ ಇಳಿದು ಸಮುದ್ರಕ್ಕೆ ಹೋಗಿದ್ದ. ಗೆಳೆಯನೊಬ್ಬನೇ ತಿರುಗಿ ಬಂದಿದ್ದ. ಬೆಳಗಿನ ಜಾವ ಈಜಲು ಇಳಿದವನನ್ನು ನೀರು ಎಳೆದುಕೊಂಡಿತು ಎಂದು ಗೆಳೆಯ ಹೇಳಿದ. ದಂಡೆಯ ಮೇಲೆ ಬಟ್ಟೆ ಸಿಕ್ಕಿತು, ಫೋನು ಸಿಕ್ಕಿತು, ಹೆಣ ಮಾತ್ರ ಸಿಗಲಿಲ್ಲ.

ನಾಳೆ ಮುಂಜಾನೆ ಇಳಕಲ್ಲಿನ ಮನೆಯಲ್ಲಿ ಹೆಣವಿಲ್ಲದೆಯೇ ಕ್ರಿಯಾ ಮುಗಿಸುವವರಿದ್ದರು. ಪದ್ಮಜಾಳಿಗೆ ಈ ಕೆಲಸ ಒಪ್ಪಿಸಿದ್ದ ಅವನ ಹೆಂಡತಿ ಬಸವೇಶ್ವರಿಯ ಬಳೆ ಕಳಚುವವರಿದ್ದರು. ಒಮ್ಮೆ ಬಳೆ ಕಳಚಿದರೆಂದರೆ ಮುಗಿಯಿತು, ಆಮೇಲೆ ಅವನನ್ನು ಹುಡುಕಲು ಭೂಮಿಯ ಮೇಲೆ ಒಬ್ಬರೂ ಉಳಿಯುವುದಿಲ್ಲ.

ಪದ್ಮಜಾ ಅವರು ಹೋದ ದಾರಿಯಲ್ಲೇ ಹೋಗಿಬಂದಿದ್ದಳು. ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದ ಮಂಜಿನಲ್ಲಿ ಅರಬೈಲು ಘಟ್ಟ ಇಳಿದಿದ್ದಳು. ಪ್ರತಿ ತಿರುವಿನಲ್ಲೂ ಜೀವ ಬಾಯಿಗೆ ಬಂದಿತ್ತು. ಸಮುದ್ರದ ಊರಿನ ಠಾಣೆಯ ಅಂಗಳದಲ್ಲಿ ಪ್ರವೀಣಕುಮಾರನ ಬೈಕು ಮಳೆಯಲ್ಲಿ ನೆನೆಯುತ್ತ ನಿಂತದ್ದನ್ನು ಕಂಡಳು. ಲಾಡ್ಜಿನ ಮ್ಯಾನೇಜರು ಫೋಟೋ ನೋಡಿದ ಕೂಡಲೇ ಗುರುತು ಹಿಡಿದಿದ್ದ.

“ಹೌದು ಮೇಡಂ, ಇವರೇ. ಎರಡು ರಾತ್ರಿ ಇದ್ರು. ಪಾಪ, ಎರಡೂ ಹೊತ್ತು ಅನ್ನ ಸಾರು ತಿಂದು ಮಲಗಿದ್ರು.”

ಎಲ್ಲ ತಾಳೆಯಾಗಿತ್ತು. ಹೋದದ್ದು ಖರೆ, ಇದ್ದದ್ದು ಖರೆ. ಹಾಗಾದರೆ ಸತ್ತದ್ದೂ ಖರೆಯೇ ಇರಬೇಕು. ಈ ಮಾತನ್ನು ಬಸವೇಶ್ವರಿಗೆ ಯಾವ ಬಾಯಲ್ಲಿ ಹೇಳುವುದು ಎಂದು ದಾರಿಯುದ್ದಕ್ಕೂ ಸಂಕಟಪಟ್ಟುಕೊಂಡೇ ಬಂದಿದ್ದಳು.

ಈಗ ಕೈಯಲ್ಲಿ ಈ ಮೆತ್ತಗಿನ ರೊಟ್ಟಿ. ಸಮುದ್ರದ ಗಾಳಿಗೆ ಒಂದೇ ರಾತ್ರಿ ಸಿಕ್ಕಿತ್ತು, ಅಷ್ಟರಲ್ಲೇ ಹೀಗಾಗಿತ್ತು. ಪೊಟ್ಟಣದ ಶೇಂಗಾ ಚಟ್ನಿಯೂ ಗಂಟುಗಟ್ಟಿತ್ತು.

ಪದ್ಮಜಾಳ ಕೈ ನಿಂತಿತು.

ಹೋದ ವಾರ ಬಸವೇಶ್ವರಿ ಗಂಡನ ಚೀಲ ಬಿಚ್ಚಿ ತೋರಿಸಿದ್ದಳು. ಲಾಡ್ಜಿನ ಕೋಣೆಯಲ್ಲಿ ಉಳಿದಿತ್ತು ಎಂದು ಶಂಕರಲಿಂಗ ತಂದುಕೊಟ್ಟ ಚೀಲ. ಅದರೊಳಗೆ ಬಿಳಿ ಅರಿವೆಯಲ್ಲಿ ಅವಳೇ ಕಟ್ಟಿದ ರೊಟ್ಟಿಯ ಗಂಟು. ಅವಳು ಅಳುತ್ತ ಅದನ್ನು ಎದೆಗೆ ಒತ್ತಿಕೊಂಡಾಗ ಒಳಗೆ ರೊಟ್ಟಿ ಲಟಲಟ ಮುರಿದದ್ದು ಪದ್ಮಜಾಗೆ ಚೆನ್ನಾಗಿ ನೆನಪಿತ್ತು. ಅವತ್ತು ಆ ಸದ್ದು ಸದ್ದೇ ಅನ್ನಿಸಿರಲಿಲ್ಲ. ಈ ಸೀಮೆಯಲ್ಲಿ ರೊಟ್ಟಿ ಲಟಕ್ ಎನ್ನದೆ ಮತ್ತೇನು ಅಂದೀತು?

“ಅಯ್ಯ, ನನ್ನ ಬುದ್ಧಿಗಿಷ್ಟು!” ಎಂದು ಹಣೆ ಬಡಿದುಕೊಂಡಳು.

ಅರ್ಧ ಲೋಟ ಚಹಾ ಅಲ್ಲೇ ಉಳಿಯಿತು. ಸಿದ್ದವ್ವ ಏನೋ ಕೂಗಿದಳು. ಬುಲೆಟ್ ಆಗಲೇ ಹುನಗುಂದದ ದಾರಿ ಹಿಡಿದಿತ್ತು.

* * *

ಇಳಕಲ್ಲಿನ ಮನೆಯ ಮುಂದೆ ಪೆಂಡಾಲು ಹಾಕಲು ಗಳ ಇಳಿಸುತ್ತಿದ್ದರು. ಪಕ್ಕದ ಓಣಿಯಲ್ಲಿ ಮಗ್ಗಗಳು ತಮ್ಮ ಪಾಡಿಗೆ ಖಟಖಟ ಎನ್ನುತ್ತಿದ್ದವು. ಕಟ್ಟೆಯ ಮೇಲೆ ಕೂತಿದ್ದ ಅಂದಾನಪ್ಪ ಎದ್ದು ಬಂದರು. ಪ್ರವೀಣಕುಮಾರನ ಕಾಕಾ. ತಂದೆ ಸತ್ತ ಮೇಲೆ ಅವನನ್ನು ಸಾಕಿ, ಓದಿಸಿ, ಮದುವೆ ಮಾಡಿದವರು. ಕೆಂಪು ಗ್ರ್ಯಾನೈಟು ಸಾಗಿಸುವ ಲಾರಿಗಳ ಮಾಲೀಕರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ಬರ್ರಿ ಬಾಯಾರ. ಸಮುದ್ರ ಏನಂತ್ರಿ?”

“ಏನೂ ಅನ್ನಲಿಲ್ರಿ.”

“ಅನ್ನೂದಿಲ್ರಿ ಅದು. ನುಂಗೂದಷ್ಟ ಗೊತ್ತು ಅದಕ್ಕ.” ಅವರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. “ನಾ ಎತ್ತಿ ಆಡಿಸಿದ ಕೂಸು ರೀ ಅದು. ನಾಳೆ ಮಠದ ರಾಚಯ್ಯನವರು ಬಂದು ಕ್ರಿಯಾ ಮುಗಸ್ತಾರ. ಸೊಸಿ ಒಲ್ಲೆ ಅಂತಾಳ. ನೀವರ ನಾಕ ಮಾತು ಹೇಳ್ರಿ ಆಕಿಗೆ.”

ಪದ್ಮಜಾ ತಲೆಯಾಡಿಸಿ ಒಳಗೆ ನಡೆದಳು. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಚಿತ್ರ. ಅದರ ಕೆಳಗೇ ಇಬ್ಬರು ಮುದುಕಿಯರು ನಾಳೆ ಬಳೆ ಯಾರು ಕಳಚಬೇಕು ಎಂದು ಚರ್ಚಿಸುತ್ತಿದ್ದರು. ಅವಳಿಗೆ ಮೈ ಉರಿಯಿತು.

ಬಸವೇಶ್ವರಿ ಒಳಕೋಣೆಯಲ್ಲಿದ್ದಳು. ಹಸಿರು ಬಳೆಗಳ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡೇ ಕೂತಿದ್ದಳು, ಯಾರೋ ಈಗಲೇ ಕಸಿಯಲು ಬರುತ್ತಾರೇನೋ ಎಂಬಂತೆ.

“ಬಸವೇಶ್ವರಿ, ಆ ರೊಟ್ಟಿ ಗಂಟು ಎಲ್ಲದ? ಹಂಗ ಇಟ್ಟೀಯಲ್ಲ?”

“ಚೀಲದಾಗ ಐತ್ರಿ ಅಕ್ಕಾರ. ಒಗೀಲಾಕ ಮನಸ್ಸಾಗಲಿಲ್ಲ.”

ಗಂಟು ಬಿಚ್ಚಿದರು. ಪದ್ಮಜಾ ಮೇಲಿನ ರೊಟ್ಟಿಯನ್ನು ಬೆರಳಲ್ಲಿ ಒತ್ತಿದಳು. ಲಟಕ್. ನಡುವಿನದು, ಲಟಕ್. ಎಲ್ಲಕ್ಕಿಂತ ಕೆಳಗಿನದೂ ಹಾಗೆಯೇ ಚೂರಾಯಿತು. ಚಟ್ನಿಯ ಪೊಟ್ಟಣ ಬಗ್ಗಿಸಿದರೆ ಪುಡಿ ಉಸುಕಿನಂತೆ ಸುರಿಯಿತು. ಆಮೇಲೆ ಅವಳು ತನ್ನ ಚೀಲದ ರೊಟ್ಟಿ ತೆಗೆದು ಬಸವೇಶ್ವರಿಯ ಅಂಗೈಯಲ್ಲಿಟ್ಟಳು.

“ಥೂ, ಇದೇನ್ರಿ, ಚರ್ಮ ಆಗೇತಿ!”

“ಒಂದು ರಾತ್ರಿ ಸಮುದ್ರದ ದಂಡಿಗೆ ಇದ್ದದ್ದಕ್ಕ ಹಿಂಗಾತು. ನಿನ್ನ ಗಂಡ ಅಲ್ಲೆ ಎರಡು ರಾತ್ರಿ ಇದ್ದ, ಧೋ ಧೋ ಮಳ್ಯಾಗ. ಆದ್ರ ನೀ ಕಟ್ಟಿದ ರೊಟ್ಟಿ ಸಮುದ್ರದ ಮಾರಿ ನೋಡಿಲ್ಲ. ಘಟ್ಟಾನೂ ಇಳದಿಲ್ಲ.”

ಬಸವೇಶ್ವರಿ ಎರಡೂ ರೊಟ್ಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇನ್ನೊಂದು ಕೇಳು. ಲಾಡ್ಜಿನ್ಯಾಗ ಅಂವ ಎರಡೂ ಹೊತ್ತು ಅನ್ನ ಸಾರು ತಿಂದಾನ. ನಮ್ಮ ಕಡಿ ಮಂದಿ ಚೀಲದಾಗ ರೊಟ್ಟಿ ಇಟಗೊಂಡು ಬರೇ ಅನ್ನ ಸಾರು ತಿಂದು ಮಲಗ್ತಾರೇನು? ಈ ಚೀಲ ಅವನ ಕಡೆ ಇರಲೇ ಇಲ್ಲ. ದಾರ್ಯಾಗ ಎಲ್ಲೋ ಒಣಾ ಸೀಮ್ಯಾಗ ಇಟ್ಟು ಹೋಗ್ಯಾನ. ಬುತ್ತಿ ಯಾಕ ಇಟ್ಟು ಹೋಗ್ತಾರ, ಹೇಳು? ತಿರುಗಿ ಅಲ್ಲಿಗೇ ಬರೂದದ ಅಂತ ಗೊತ್ತಿದ್ರ.”

ಬಸವೇಶ್ವರಿ ಪದ್ಮಜಾಳ ಕೈ ಹಿಡಿದುಕೊಂಡಳು, ಬಳೆಗಳು ಸದ್ದು ಮಾಡಿದವು.

“ಹಂಗಾರ… ಅದಾರೇನ್ರಿ ಅವರು?”

ಗೊತ್ತಿಲ್ಲ ಅನ್ನಬೇಕಿತ್ತು. ಸಾಕ್ಷಿ ಕೈಗೆ ಬರುವ ತನಕ ನಾಲಿಗೆಗೆ ಬೀಗ ಹಾಕಿಕೊಂಡಿರಬೇಕು ಎಂಬುದು ಪೊಲೀಸ್ ತರಬೇತಿಯ ಮೊದಲ ಪಾಠ. ಆದರೆ ಆ ಹುಡುಗಿಯ ಮುಖ ನೋಡಿ ಪದ್ಮಜಾ ಆ ಪಾಠ ಮರೆತಳು. ಕಾಲು ಒಂದೆಡೆ ನಿಲ್ಲದವಳ ನಾಲಿಗೆ ತಾನೇ ಹೇಗೆ ನಿಂತೀತು?

“ಅದಾನ ಅಂತ ನನ್ನ ಮನಸ್ಸು ಹೇಳ್ತದ. ಶಂಕರಲಿಂಗನ್ನ ಕೇಳ್ಲಿಕ್ಕೆ ಬದಾಮಿಗೆ ಹೊಂಟೀನಿ. ನೀ ಮಾತ್ರ ಯಾರ ಮುಂದೂ ಉಸುರು ಬಿಡಬ್ಯಾಡ. ತಿಳೀತಿಲ್ಲೋ?”

ಬಸವೇಶ್ವರಿ ಹೂಂ ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ.

ಹೊರಗೆ ಅಂದಾನಪ್ಪ ಗೇಟಿನವರೆಗೂ ಬಂದು ಬೀಳ್ಕೊಟ್ಟರು. “ಚಾ ಸುದ್ದಾ ಕುಡೀಲಿಲ್ಲಲ್ರಿ ಬಾಯಾರ,” ಎಂದು ಬೇಸರಪಟ್ಟುಕೊಂಡರು.

* * *

ಗುಡೂರು ದಾಟುವಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಎರಡೂ ಕಡೆ ಎರೆಹೊಲ, ಸೂರ್ಯಕಾಂತಿ, ಮೆಣಸಿನಕಾಯಿ. ಪದ್ಮಜಾ ಯಾವುದನ್ನೂ ನೋಡಲಿಲ್ಲ. ಬುಲೆಟ್ಟಿನ ಮುಳ್ಳು ಏರುತ್ತಲೇ ಇತ್ತು. ಎದುರಿಗೆ ಬಂದ ಟ್ರ್ಯಾಕ್ಟರಿನವನು ಕೈಯೆತ್ತಿ ಬೈದದ್ದು ಗಾಳಿಯಲ್ಲಿ ಹಾರಿಹೋಯಿತು.

ಬದಾಮಿಯ ಗುಡ್ಡದ ಬುಡಕ್ಕೆ ಶಂಕರಲಿಂಗನ ಮನೆ. ಹೈಸ್ಕೂಲಿನ ಗಣಿತದ ಮಾಸ್ತರ. ಮಂಗಗಳ ಕಾಟಕ್ಕೆ ಕಿಟಕಿಗೆಲ್ಲ ಜಾಳಿಗೆ ಹಾಕಿಸಿದ್ದ. ಬಾಗಿಲು ತೆರೆದವನು ಪದ್ಮಜಾಳನ್ನು ಕಂಡು ಒಂದು ಗಳಿಗೆ ನಿಂತೇಬಿಟ್ಟ.

“ಬರ್ರಿ ಮೇಡಂ. ಮನ್ಯಾಗ ಯಾರೂ ಇಲ್ರಿ, ನಾಗರತ್ನಾ ತವರಿಗೆ ಹೋಗ್ಯಾಳ. ಚಾ ಮಾಡ್ಲಿ?”

“ಊಟಾನ ತಂದೀನ್ರಿ ಮಾಸ್ತರ.”

ಅವಳು ಕೂಡ್ರಲಿಲ್ಲ. ಮೇಜಿನ ಮೇಲಿದ್ದ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಎರಡು ರೊಟ್ಟಿ ಪಕ್ಕಪಕ್ಕಕ್ಕೆ ಇಟ್ಟಳು.

“ಎರಡನ್ನೂ ಮುರೀರಿ.”

“ಏನ್ರಿ ಇದು, ಚ್ಯಾಷ್ಟಿ…”

“ಮುರೀರಿ ಅಂದೆ.”

ಅವನು ಮುರಿದ. ಒಂದು ಲಟಕ್ ಎಂದಿತು, ಇನ್ನೊಂದು ಜೋತುಬಿತ್ತು.

“ಮೆತ್ತಗಿಂದು ನಮ್ಮವ್ವ ಕಟ್ಟಿದ್ದು. ನಿನ್ನೆ ಸಮುದ್ರದ ದಂಡಿಗಿತ್ತು. ಖಡಕ್ ಇದ್ದದ್ದು ಬಸವೇಶ್ವರಿ ಕಟ್ಟಿದ್ದು. ಅದೂ ಅಲ್ಲೇ ಇತ್ತು ಅಂತ ನೀವು ಹೇಳೀರಿ.”

ಶಂಕರಲಿಂಗ ತುಟಿ ಸವರಿಕೊಂಡ. “ಡಬ್ಬ್ಯಾಗ ಇತ್ತೇನೋ.”

“ಡಬ್ಬಿ ಎಲ್ಲಿಂದ ಬಂತ್ರಿ? ಅರಿವ್ಯಾಗ ಇತ್ತು. ನೀವ ತಂದು ಕೊಟ್ಟೀರಿ.”

“ಇಲ್ಲಿಗೆ ಬಂದ ಮ್ಯಾಲೆ ಒಣಗಿರಬೇಕ್ರಿ. ನಮ್ಮ ಕಡೆ ಬಿಸಲು ಅಂದ್ರ…”

“ಒಮ್ಮೆ ಮೆತ್ತಗಾದ ರೊಟ್ಟಿ ಒಣಗಿದ್ರ ಚಪ್ಪಲಿ ಅಟ್ಟಿ ಆಗ್ತದ. ಸೊಟ್ಟ ಆಗ್ತದ. ಹಿಂಗ ಹೊಸಾದರಗತೆ ಲಟಕ್ ಅನ್ನೂದಿಲ್ಲ. ರೊಟ್ಟಿ ತಿಂದು ದೊಡ್ಡವರಾದವರು, ನಿಮಗ ನಾ ಹೇಳ್ಬೇಕೇನು?”

ಮಂಗವೊಂದು ಮೇಲಿನ ತಗಡಿನ ಮೇಲೆ ಧಡಧಡ ಓಡಿತು, ಅವನು ಬೆಚ್ಚಿಬಿದ್ದ.

“ಚೀಲ ಈ ಮನ್ಯಾಗ ಇತ್ತು,” ಎಂದಳು ಪದ್ಮಜಾ. “ಹೋಗುವಾಗ ಇಲ್ಲಿ ಇಟ್ಟು ಹೋಗಿದ್ರಿ. ಬಸವೇಶ್ವರಿ ಚೀಲ ಎಲ್ಲಿ ಅಂತ ಕೇಳಿದ ಕೂಡ್ಲೆ ಬಾಯಿಗೆ ಬಂದ ಸುಳ್ಳು ಹೇಳಿ ತಂದು ಕೊಟ್ರಿ. ಒಳಗ ರೊಟ್ಟಿ ಅದ ಅಂತ ಗೊತ್ತಿತ್ತು ನಿಮಗ. ರೊಟ್ಟಿ ಖಡಕ್ ಇರೂದರಾಗ ಏನ ವಿಶೇಷ ಅಂತ ಸುಮ್ಮನಾದ್ರಿ. ಈಗ ಖರೆ ಹೇಳ್ರಿ. ಕೊಂದೀರೋ, ಮುಚ್ಚಿಟ್ಟೀರೋ?”

“ಅಯ್ಯ ಶಿವನ! ಕೊಲ್ಲೂದಂದ್ರ ಏನ್ರಿ? ಅಂವ ನನ್ನ ಜೀವದ ಗೆಳ್ಯಾ!”

“ಹಂಗಾದ್ರ ನಾಳೆ ನಿಮ್ಮ ಜೀವದ ಗೆಳ್ಯಾನ ಹೆಂಡ್ತಿ ಕೈ ಬಳಿ ಕಳೀತಾರ. ಪೆಂಡಾಲ್ ಹಾಕ್ಲಿಕತ್ತಾರ, ನೋಡೇ ಬಂದೀನಿ. ನೀವೂ ಬರ್ರಿ. ಮುಂದಿನ ಸಾಲಿನ್ಯಾಗ ಕುಂತು ನೋಡ್ರಿ.”

ಆ ಮಾತು ನಾಟಿತು. ಶಂಕರಲಿಂಗ ಕುರ್ಚಿಯಲ್ಲಿ ಕುಸಿದ. ಅಳು ಬರುತ್ತಿತ್ತು, ತಡೆದುಕೊಂಡ.

“ಇದರ ಹಿಂದಿನ ಪ್ರವಾಸದಾಗ ಘಟ್ಟ ಇಳಿವಾಗ ನಾ ಹಿಂದ ಉಳದಿದ್ದೆ, ಅಂವ ಒಬ್ಬನ ಮುಂದಿದ್ದ. ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕಿದ್ದ. ಎದುರಿಗೆ ಒಂದು ಲಾರಿ ಬೇಕಂತನ ಕಾರಿಗೆ ತಾಕಿಸಿ ಕಣಿವ್ಯಾಗ ಕೆಡವಿದ್ದು ಅದರಾಗ ಬಂದೈತ್ರಿ. ಮಂಜಿನ್ಯಾಗ ಕಾರು ಬಿತ್ತು ಅಂತ ಪೇಪರಿನ್ಯಾಗ ಬಂತು. ಇಬ್ಬರು ಸತ್ರು.”

“ಪೊಲೀಸರಿಗೆ ಯಾಕ ಕೊಡಲಿಲ್ಲ?”

“ಕೊಡೂದರಾಗ ಅವರಿಗೆ ಸುಳಿವು ಹತ್ತಿತ್ರಿ. ಬಾಯಿ ಬಿಟ್ರ ನಿನ್ನ ಹೆಂಡ್ತಿ ಉಳ್ಯಾಂಗಿಲ್ಲ ಅಂತ ಒಂದು ಫೋನ್ ಬಂತು. ಅದಕ್ಕ ಈ ಆಟ. ನಾ ಸತ್ತೆ ಅಂತ ನಂಬಿದ್ರ ಆಕಿನ್ನ ಬಿಡ್ತಾರ, ಅಷ್ಟರಾಗ ವಿಡಿಯೋ ಧಾರವಾಡದ ವಕೀಲರ ಕೈಗೆ ಮುಟ್ಟಸ್ತೇನಿ ಅಂದ. ದಂಡಿ ಮ್ಯಾಲೆ ಅರಬಿ ಇಟ್ಟು ಬಸ್ಸಿಗೆ ತಿರುಗಿ ಬಂದ. ವಕೀಲರು ಊರಾಗಿಲ್ಲ, ನಾಳೆ ಬರ್ತಾರ.”

“ಯಾರದ ಆ ಲಾರಿ?”

“ನನಗೂ ಹೇಳಿಲ್ರಿ. ಗೊತ್ತಾದ್ರ ನೀನೂ ಸಾಯ್ತಿ ಅಂತಾನ.”

“ಎಲ್ಲಿದ್ದಾನ ಅಂವ?”

ಶಂಕರಲಿಂಗನ ಕಣ್ಣು ಅಟ್ಟದ ಕಡೆ ಹೋಯಿತು.

ಏಣಿ ಕಿರುಗುಟ್ಟಿತು. ಗಡ್ಡ ಬಿಟ್ಟ, ಕಣ್ಣು ಗುಳಿಬಿದ್ದ ಒಬ್ಬ ಯುವಕ ಒಂದೊಂದೇ ಮೆಟ್ಟಿಲು ಇಳಿದು ಬಂದ. ಫೋಟೋದಲ್ಲಿದ್ದ ಪ್ರವೀಣಕುಮಾರನ ಅರ್ಧ ಕೂಡ ಉಳಿದಿರಲಿಲ್ಲ. ಪದ್ಮಜಾಗೆ ಒಮ್ಮೆಲೇ ಎಷ್ಟು ಸಂತೋಷವಾಯಿತೆಂದರೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

“ಆಕಿ ಹೆಂಗ ಅದಾಳ್ರಿ?” ಎಂದ.

“ಹೆಂಗ ಇರ್ತಾಳ? ಬಳಿ ಮುಚಗೊಂಡು ಮೂಲ್ಯಾಗ ಕುಂತಾಳ. ಅಲ್ರಿ, ಆಕಿಗೊಂದು ಮಾತು ಹೇಳ್ಲಿಕ್ಕೆ ಏನಾಗಿತ್ತು ನಿಮಗ ಧಾಡಿ?”

“ಆಕಿಗೆ ಸುಳ್ಳು ಬರೂದಿಲ್ರಿ. ಎಲ್ಲಾ ಮಾರಿ ಮ್ಯಾಲೆ ಕಾಣತೈತಿ. ಆ ಮನ್ಯಾಗ ಇದ್ದು ಮುಚ್ಚಿಡೂದು ಆಕಿ ಕೈಲಿ ಆಗತಿರಲಿಲ್ಲ.”

“ಆ ಮನ್ಯಾಗ ಅಂದ್ರ?” ಪದ್ಮಜಾ ಒಂದು ಹೆಜ್ಜೆ ಮುಂದೆ ಬಂದಳು. “ಲಾರಿ ಓಡಸ್ತಿದ್ದಾಂವ ಯಾರು, ಪ್ರವೀಣಕುಮಾರ?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಫೋನು ಬಡಕೊಂಡಿತು. ಬಸವೇಶ್ವರಿ. ಗಂಡನೂ ಅವಳ ದನಿ ಕೇಳಲಿ ಎಂದು ಪದ್ಮಜಾ ಸ್ಪೀಕರ್ ಹಾಕಿದಳು.

“ಅಕ್ಕಾರ, ಬೈಬ್ಯಾಡ್ರಿ ಮತ್ತ!” ಎಷ್ಟೋ ದಿನಗಳ ಮೇಲೆ ಆ ದನಿಯಲ್ಲಿ ಜೀವವಿತ್ತು. “ನೀವು ಹೋದ ಮ್ಯಾಲೆ ಕಾಕಾರು ಒಳಗ ಬಂದ್ರು. ಯಾಕವಾ, ಮಾರಿ ಇಷ್ಟ ಅರಳೇತಿ ಅಂತ ಕೇಳಿದ್ರು. ನನಗ ತಡೀಲಿಕ್ಕಾಗಲಿಲ್ರಿ. ನಿಮ್ಮ ಹುಡುಗ ಅದಾನ್ರಿ ಅಂತ ಹೇಳಿಬಿಟ್ಟೆ. ಅವರಂತೂ ಕೂಸಿನಂಗ ಅತ್ರು. ನಡಿ, ಈಗಿಂದೀಗ ಹೋಗಿ ಕರಕೊಂಡು ಬರೂಣು ಅಂದ್ರು. ಅವರ ಜೋಡಿ ಕಾರಿನ್ಯಾಗ ಅದೀನ್ರಿ. ಗುಡೂರು ದಾಟೇವಿ. ಸಿಕ್ಕರೇನ್ರಿ ಅವರು?”

ಪದ್ಮಜಾ ನಗುತ್ತ ಪ್ರವೀಣಕುಮಾರನ ಕಡೆ ತಿರುಗಿದಳು.

ಅವನು ಏಣಿ ಹಿಡಿದು ಕೆಳಗೆ ಕೂತುಬಿಟ್ಟಿದ್ದ. ದನಿ ಹೊರಡದೆ ತುಟಿಯಷ್ಟೇ ಆಡಿತು, ಆದರೂ ಪದ್ಮಜಾಗೆ ತಿಳಿಯಿತು.

“ಕಾಕಾ. ಲಾರಿ ಓಡಸ್ತಿದ್ದಾಂವ ಕಾಕಾನ.”

ಪದ್ಮಜಾ ಆಡಿದ್ದು ಒಂದು ಮಾತು, ಒಂದೇ ಒಂದು ಮಾತು. ಆ ಹುಡುಗಿಯನ್ನು ತಾನೇ ಕೈಹಿಡಿದು ಆ ಕಾರಿನಲ್ಲಿ ಕೂಡ್ರಿಸಿದಂತಾಯಿತು.

“ಬಸವೇಶ್ವರಿ, ಕೇಳಿಲ್ಲೆ,” ಎಂದಳು. “ಕಾರು ನಿಲ್ಲಸ್ಲಿಕ್ಕೆ ಹೇಳು. ವಾಂತಿ ಬಂದದ ಅನ್ನು, ಏನರ ಅನ್ನು…”

ಫೋನು ಕೈ ಬದಲಾಯಿತು.

“ಬಾಯಾರ,” ಅಂದಾನಪ್ಪನವರ ದನಿ ಎಂದಿನಂತೆ ಮೆತ್ತಗೇ ಇತ್ತು. “ನಮ್ಮ ಹುಡುಗ ಅಲ್ಲೇ ಅದಾನೇನ್ರಿ? ಸುಮ್ಮನಾದ್ರಿ, ಅಂದ್ರ ಅದಾನ. ಬಸವಣ್ಣ ದೊಡ್ಡಾಂವ. ಅವಗೊಂದು ಮಾತು ಹೇಳ್ರಿ. ಬದಾಮ್ಯಾಗ ಮಂದಿ ಭಾಳ, ಮಾತಾಡಾಕ ಆಗೂದಿಲ್ಲ. ಸೊಸಿ ಘಟ್ಟ ನೋಡಿಲ್ಲ, ಆಕಿಗೆ ತೋರಸಾಕ ಕರಕೊಂಡು ಹೊಂಟೇನಿ. ಅಂವ ತನ್ನ ಪ್ರವಾಸದ್ದು ಏನೇನ್ ಫೋಟೋ ತಗದಾನೋ, ಎಲ್ಲಾ ತಗೊಂಡು ಒಬ್ಬನ ಅಲ್ಲಿಗೆ ಬರಲಿ. ಜಾಗಾ ಅವಗ ಗೊತ್ತೈತಿ.”

ಆಚೆಯಿಂದ ಗೇರು ಬದಲಿಸಿದ ಸದ್ದು ಬಂತು. ಹಿಂದೆಯೇ ಬಸವೇಶ್ವರಿಯ ದನಿ, ಇನ್ನೂ ನಗು ಆರದ ದನಿ:

“ಕಾಕಾರ, ಬದಾಮಿ ರಸ್ತಾ ಆ ಕಡೆ ಹೋತಲ್ರಿ?”